ಕಡಿಮೆ ಬೆಲೆಯ ಪಿಕಪ್ ಗಿಟಾರ್: ಅಸಲಿ ಕೆಲಸ ಸ್ಯಾಡಲ್‌ನಲ್ಲಿದೆ

ನನ್ನ ಗಿಟಾರಿನ ಮೇಲುಹಲಗೆ ಇಡೀ ಮರದ್ದಲ್ಲ, ಪ್ಲೈ. ಮನೆಯಲ್ಲಿ ಸುಮ್ಮನೆ ನುಡಿಸಿದರೆ ಇಡೀ ಸ್ಪ್ರೂಸ್ ಹಲಗೆಯ ತುಂಬುನಾದ ಬರುವುದಿಲ್ಲ. ವೇದಿಕೆಗೆ ಮಾತ್ರ ಪ್ಲೈ ಒಳ್ಳೆಯದು: ಬಿಗಿಯಾಗಿರುವುದರಿಂದ ಫೀಡ್‌ಬ್ಯಾಕ್ (ಸ್ಪೀಕರ್‌ನ ಸದ್ದು ಮತ್ತೆ ಗಿಟಾರಿಗೆ ಸೇರಿ ಕೂಗುವುದು) ತಡವಾಗಿ ಶುರುವಾಗುತ್ತದೆ, ಮಳೆಗಾಲದಲ್ಲಿ ಉಬ್ಬುವುದೂ ಕಡಿಮೆ. ಇಂಥ ಗಿಟಾರಿಗೆ ಪೆಡಲ್ ಕೊಳ್ಳುವ ಮೊದಲು ಸ್ಯಾಡಲ್‌ಗೆ, ಅಂದರೆ ಪೆಟ್ಟಿಗೆಯ ಮೇಲೆ ತಂತಿಗಳು ಆನಿಕೊಳ್ಳುವ ಬಿಳಿ ಪಟ್ಟಿಗೆ, ಅರ್ಧ ದಿನ ಕೊಡಿ. ತಂತಿಯ ಕಂಪನದ ಒತ್ತಡವನ್ನು ವಿದ್ಯುತ್ ಸಂಕೇತವಾಗಿಸುವ ಪೀಜೋ ಪಿಕಪ್ ಮಲಗಿರುವುದು ಆ ಪಟ್ಟಿಯ ಕೆಳಗೆ. ಬೆರಳು ನೋಯುವುದೂ, ಸ್ಪೀಕರ್‌ನಲ್ಲಿ ಆರು ತಂತಿ ಸಮವಾಗಿ ಕೇಳುವುದೂ ಅದನ್ನೇ ಅವಲಂಬಿಸಿವೆ.

ಮೊದಲು ನೆಕ್, ಅಂದರೆ ಗಿಟಾರಿನ ಕತ್ತು, ನೋಡುತ್ತೇನೆ. ಶ್ರುತಿ ಮಾಡಿ, ಒಂದನೇ ಫ್ರೆಟ್‌ಗೆ (ಕತ್ತಿನ ಅಡ್ಡ ಲೋಹದ ಪಟ್ಟಿ) ಕೇಪೋ, ಅಂದರೆ ಎಲ್ಲ ತಂತಿ ಒತ್ತಿಹಿಡಿಯುವ ಕ್ಲಿಪ್, ಹಾಕಿ, ಆರನೇ (ಅತಿ ದಪ್ಪ) ತಂತಿಯನ್ನು 14ನೇ ಫ್ರೆಟ್‌ನಲ್ಲಿ ಒತ್ತಿ ಹಿಡಿದರೆ 7ನೇ ಫ್ರೆಟ್ ಮೇಲೆ ಸುಮಾರು 0.2 ಮಿ.ಮೀ. ಸಂದು ಇರಬೇಕು, ಎರಡು ಜೆರಾಕ್ಸ್ ಹಾಳೆಯ ದಪ್ಪ. ಹೆಚ್ಚಿದ್ದರೆ ಕತ್ತಿನೊಳಗಿನ ಲೋಹದ ಸರಳಾದ ಟ್ರಸ್ ರಾಡನ್ನು ಅಲೆನ್ ಕೀಲಿಯಿಂದ ಬಲಕ್ಕೆ ಕಾಲು ಸುತ್ತು ತಿರುಗಿಸಿ, ಮತ್ತೆ ಶ್ರುತಿ ಮಾಡಿ ಅಳೆಯುತ್ತೇನೆ. ರಾಡ್ ಗಟ್ಟಿಯಾಗಿ ಹಿಡಿದುಕೊಂಡರೆ ಬಲ ಹಾಕಬಾರದು, ಮುರಿದರೆ ರಿಪೇರಿ ಗಿಟಾರಿನ ಬೆಲೆಗೇ ಬಂದು ನಿಲ್ಲುತ್ತದೆ.

ಆಮೇಲೆ 12ನೇ ಫ್ರೆಟ್‌ನ ನೆತ್ತಿಯಿಂದ ತಂತಿಯ ಅಡಿಗೆ ಸ್ಟೀಲ್ ಸ್ಕೇಲ್ ಇಟ್ಟು ಅಳತೆ. ನನಗೆ ಒಗ್ಗುವುದು ಆರನೇ ತಂತಿಗೆ 2.4, ಒಂದನೆಯದಕ್ಕೆ 1.9 ಮಿ.ಮೀ. ಹೊಸ ಅಗ್ಗದ ಗಿಟಾರ್‌ಗಳು 3ರ ಮೇಲೆ ಬರುವುದು ಸಾಮಾನ್ಯ. 12ನೇ ಫ್ರೆಟ್ ತಂತಿಯ ನಡುಮಧ್ಯ. ಹಾಗಾಗಿ ಅಲ್ಲಿ 0.8 ಇಳಿಯಬೇಕೆಂದರೆ ಸ್ಯಾಡಲ್‌ನಿಂದ 1.6 ಉಜ್ಜಬೇಕು. ಉಜ್ಜುವುದು ಅಡಿಯನ್ನು ಮಾತ್ರ. ಮೇಲಿನ ಇಳಿಜಾರು ಕೆಟ್ಟರೆ ಮೇಲಿನ ಫ್ರೆಟ್‌ಗಳಲ್ಲಿ ಸ್ವರ ತಪ್ಪುತ್ತದೆ.

ತಂತಿ ಸಡಿಲಿಸಿ, ಅದರ ತುದಿ ಹಿಡಿದಿಡುವ ಪಿನ್ ತೆಗೆದು, ಬಟ್ಟೆ ಸುತ್ತಿದ ಇಕ್ಕಳದಿಂದ ಸ್ಯಾಡಲ್ ಎಳೆದು, ಪೆನ್ಸಿಲ್ ಗೆರೆ ಹಾಕುತ್ತೇನೆ. ಗಾಜಿನ ಮೇಲೆ 240 ನಂಬರಿನ ಸ್ಯಾಂಡ್‌ಪೇಪರ್, ಕೊನೆಗೆ 400. ಕೈ ಜಾರುವುದು ಇಲ್ಲೇ: ಸ್ಯಾಡಲ್ ತೂಗಾಡಿದರೆ ತುದಿಗಳು ಹೆಚ್ಚು ಸವೆದು ಅಡಿ ದೋಣಿಯಂತಾಗುತ್ತದೆ. ಮರದ ತುಂಡಿಗೆ ಆನಿಸಿ ನೆಟ್ಟಗೆ ಹಿಡಿದು ಉಜ್ಜಬೇಕು. ಹತ್ತು ಸಲ ಉಜ್ಜಿದಾಗೊಮ್ಮೆ ಅಡಿಗೆ ಸ್ಟೀಲ್ ಸ್ಕೇಲ್‌ನ ಅಂಚು ತಾಗಿಸಿ ಬೆಳಕಿಗೆ ಹಿಡಿಯುತ್ತೇನೆ. ತುದಿಯಲ್ಲಿ ಕೂದಲೆಳೆಯಷ್ಟು ಬೆಳಕು ಕಂಡರೂ ಸಾಕು, ಆಂಪ್ಲಿಫೈಯರ್‌ನಲ್ಲಿ ಒಂದನೇ ಮತ್ತು ಆರನೇ ತಂತಿ ಸತ್ತಂತೆ ಕೇಳುತ್ತವೆ. ಪೀಜೋಗೆ ಬೇಕಾದ ಒತ್ತಡ ಅಲ್ಲಿ ಬೀಳುವುದಿಲ್ಲ. ಪ್ರಿಆಂಪ್ (ಪಿಕಪ್‌ನ ಸಣ್ಣ ಸಂಕೇತ ಹಿಗ್ಗಿಸುವ ಗಿಟಾರಿನೊಳಗಿನ ಸಾಧನ) ಹಾಳಾಗಿದೆ ಎಂದು ಬದಲಿಸಿಕೊಳ್ಳುವವರಲ್ಲಿ ಎಷ್ಟೋ ಮಂದಿಗೆ ಬೇಕಿದ್ದದ್ದು ಇಷ್ಟೇ. ಸ್ಯಾಡಲ್ ಕೂರುವ ಸಂದಿನೊಳಗಿನ ಮರದ ಪುಡಿಯನ್ನೂ ಒಣ ಬ್ರಷ್‌ನಿಂದ ತೆಗೆಯಿರಿ. ಬ್ರಿಜ್ (ಸ್ಯಾಡಲ್ ಕೂರುವ ಮರದ ತುಂಡು) ಮೇಲೆ ಸ್ಯಾಡಲ್ 3 ಮಿ.ಮೀ.ಗಿಂತ ಕಡಿಮೆ ಉಳಿಯುವಂತಿದ್ದರೆ ಇನ್ನು ಇಳಿಸಬೇಡಿ.

ತಂತಿ 0.011 ಇಂಚಿನ ಸೆಟ್, ಅಂದರೆ ಒಂದನೇ ತಂತಿಯ ದಪ್ಪ ಅಷ್ಟು. ಪಿನ್ ಒತ್ತುವಾಗ ತಂತಿಯನ್ನು ಮೇಲಕ್ಕೆಳೆದು, ಅದರ ಗುಂಡು ಒಳಗಿನ ಹಲಗೆಗೆ ಕಚ್ಚಿಕೊಂಡಿತೇ ಎಂದು ನೋಡಿಕೊಳ್ಳಬೇಕು. ಇಲ್ಲದಿದ್ದರೆ ಪಿನ್ ಮೇಲೇಳುತ್ತದೆ, ಶ್ರುತಿ ನಿಲ್ಲುವುದಿಲ್ಲ.

ಕೇಬಲ್ ಚುಚ್ಚಿದರೆ ಪ್ರಿಆಂಪ್ ಆನ್ ಆಗುತ್ತದೆ. ರಾತ್ರಿಯಿಡೀ ಚುಚ್ಚಿಟ್ಟರೆ 9 ವೋಲ್ಟ್ ಬ್ಯಾಟರಿ ಸುಮ್ಮನೆ ಖಾಲಿ. ಬಲವಾಗಿ ಮೀಟಿದಾಗ ಸದ್ದು ಒಡೆದರೆ ಮೊದಲು ಬ್ಯಾಟರಿ ಬದಲಿಸಿ. ಜ್ಯಾಕ್‌ನ ನಟ್ ಸಡಿಲವಾದರೆ ಹೊರಗಿನಿಂದಷ್ಟೇ ಬಿಗಿ ಮಾಡಬೇಡಿ, ಒಳಗಿನ ಭಾಗವೂ ಜೊತೆಗೆ ತಿರುಗಿ ವೈರ್ ಕಿತ್ತುಬರುತ್ತದೆ.

ಸುಗಮ ಸಂಗೀತಕ್ಕೆ ಜೊತೆ ನುಡಿಸುವಾಗ ನೇರ ಮಿಕ್ಸರ್‌ಗೆ ಕೊಡುತ್ತೇನೆ. ಎಲೆಕ್ಟ್ರಿಕ್ ಗಿಟಾರಿನ ಆಂಪ್ಲಿಫೈಯರ್ 5 ಕಿಲೋಹರ್ಟ್ಸ್ ಮೇಲಿನ ಹೊಳಪನ್ನು ನುಂಗಿಬಿಡುತ್ತದೆ. ಮಿಡ್ (ನಡುವಿನ ಸ್ವರಗಳ ಮಟ್ಟ) ಸ್ವಲ್ಪ ಇಳಿಸಿದರೆ ಪೀಜೋದ ಬಾತುಕೋಳಿಯಂಥ ದನಿ ತಗ್ಗುತ್ತದೆ. ಡ್ರೆಡ್‌ನಾಟ್ ಎಂಬ ಅಗಲ ಆಕಾರದ ದೊಡ್ಡ ಪೆಟ್ಟಿಗೆ 100 ಹರ್ಟ್ಸ್ ಆಸುಪಾಸಿನಲ್ಲಿ, ಅಂದರೆ ಆರನೇ ತಂತಿಯ ಮೂರನೇ ಫ್ರೆಟ್‌ನ ಜಿ ಸ್ವರದ ಹತ್ತಿರ, ತಾನೇ ಮೊರೆಯುತ್ತದೆ. ಬೇಸ್ ಇಳಿಸಿ, ರಂಧ್ರಕ್ಕೆ ರಬ್ಬರ್ ಮುಚ್ಚಳ ಹಾಕಿದರೆ ಸಾಕು.

ಕರಾವಳಿ, ಮಲೆನಾಡಿನವರು ಜುಲೈನಲ್ಲಿ ಮಾತ್ರ ಸ್ಯಾಡಲ್ ಉಜ್ಜಬೇಡಿ. ತೇವಕ್ಕೆ ಹಲಗೆ ಉಬ್ಬಿ ತಂತಿ ಮೇಲೆದ್ದಿರುತ್ತದೆ. ಆಗ ಇಳಿಸಿದ್ದು ಮಾರ್ಚ್‌ನಲ್ಲಿ ಫ್ರೆಟ್‌ಗೆ ತಾಗಿ ಝರ್ ಅನ್ನುತ್ತದೆ. ಜನವರಿಯಲ್ಲಿ, ಹೊಸದೊಂದು ಸ್ಯಾಡಲ್ ತಂದು ಅದನ್ನೇ ಉಜ್ಜಿ. ಮೂಲದ್ದು ಚೀಲದ ಜೇಬಿನಲ್ಲಿರಲಿ.