ಎಂ35ಎ2 ಮಿಲಿಟರಿ ಲಾರಿ: ಸ್ಟಾರ್ಟ್ ಮಾಡೋದು ಆಮೇಲೆ, ನಿಲ್ಲಿಸೋದು ಮೊದಲು

ಅಮೆರಿಕದ ಸೇನೆ ಹರಾಜಿಗೆ ಬಿಟ್ಟ ಎಂ35ಎ2 ಲಾರಿ ಮನೆ ಮುಂದೆ ಇಳಿದ ದಿನ ಎಲ್ಲರ ಕೈಯೂ ಹೋಗುವುದು ಬ್ಯಾಟರಿ ಕಡೆಗೆ. ಎರಡು ಬ್ಯಾಟರಿ ಕಟ್ಟಿ, ಸೆಲ್ಫ್ ಹೊಡೆದು, ಹೊಗೆ ನೋಡಿದರೆ ಖುಷಿ. ನಾನು ಆ ಕೆಲಸವನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಎರಡೂವರೆ ಟನ್ ಹೊರುವ, ಆರೂ ಹಬ್ಬಿಗೆ (ಚಕ್ರ ಕೂರುವ ಗುಂಬಕ್ಕೆ) ಡ್ರೈವ್ ಇರುವ ಈ ಗಾಡಿ ಸ್ಟಾರ್ಟ್ ಆಗುವುದು ಕಷ್ಟವಲ್ಲ. ಎಂಜಿನ್ ಆಫ್ ಆಗುವುದು ಒಂದೇ ಒಂದು ಕೇಬಲ್ಲಿನಿಂದ, ಗಾಡಿ ನಿಲ್ಲುವುದು ಒಂದೇ ಒಂದು ಬ್ರೇಕ್ ಸರ್ಕ್ಯೂಟಿನಿಂದ. ಡಿಪೋದಲ್ಲಿ ವರ್ಷಗಟ್ಟಲೆ ನಿಂತು ಹಾಳಾಗಿರುವುದೂ ಈ ಎರಡೇ. ಓಡಿ ಸವೆದದ್ದಕ್ಕಿಂತ ನಿಂತು ಕೆಟ್ಟದ್ದೇ ಇವುಗಳಲ್ಲಿ ಜಾಸ್ತಿ.

ಎಂಜಿನ್ ಎಲ್‌ಡಿಟಿ-465, 478 ಕ್ಯೂಬಿಕ್ ಇಂಚಿನ, ಟರ್ಬೊ ಇರುವ ಆರು ಸಿಲಿಂಡರ್ ಮಲ್ಟಿಫ್ಯೂಯಲ್, ಅಂದರೆ ಹಲವು ಬಗೆಯ ಇಂಧನದಲ್ಲಿ ಓಡುವಂಥದ್ದು. ಡ್ಯಾಶ್‌ಬೋರ್ಡಿನ ಸ್ವಿಚ್ ಆಫ್ ಮಾಡಿದರೆ ಇದು ನಿಲ್ಲುವುದಿಲ್ಲ. ಸ್ಟಾಪ್ ಕೇಬಲ್ ಎಳೆದಾಗ ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ಪಂಪಿನ ಮೇಲಿನ ಲಿವರ್ ತಿರುಗಿ ಡೀಸೆಲ್ ಕಟ್ ಆಗಬೇಕು. ಕೇಬಲ್ ಒಳಗೆ ತುಕ್ಕು ಹಿಡಿದಿದ್ದರೆ ಗುಂಡಿ ಕೈಗೆ ಬರುತ್ತದೆ, ಲಿವರ್ ಅಲ್ಲಾಡುವುದೇ ಇಲ್ಲ. ಅದಕ್ಕೇ ಒಬ್ಬರನ್ನು ಕ್ಯಾಬಿನ್ನಿನಲ್ಲಿ ಕೂರಿಸಿ ಎಳೆಸುತ್ತೇನೆ, ನಾನು ಬಾನೆಟ್ ಎತ್ತಿ ಲಿವರ್ ಕೊನೆಯವರೆಗೆ ಹೋಗಿ ವಾಪಸ್ ಬರುತ್ತದಾ ಅಂತ ನೋಡುತ್ತೇನೆ.

ಆಮೇಲೆ ಡಿಪ್‌ಸ್ಟಿಕ್. ಆಯಿಲ್ ಕಡಿಮೆ ಇದ್ದರೆ ತುಂಬಿದರಾಯಿತು, ಫುಲ್ ಗೆರೆ ದಾಟಿ ಮೇಲಿದ್ದರೆ ಚಿಂತೆ. ಈ ಪಂಪು ಎಂಜಿನ್ ಆಯಿಲಿನಲ್ಲೇ ಓಡುವುದು. ಒಳಗಿನ ಸೀಲು ಹೋದರೆ ಡೀಸೆಲ್ ಸೋರಿ ನೇರ ಚೇಂಬರಿಗೆ, ಅಂದರೆ ಎಂಜಿನ್ನಿನ ತಳದ ಆಯಿಲ್ ತೊಟ್ಟಿಗೆ, ಇಳಿಯುತ್ತದೆ. ಕಡ್ಡಿಯಿಂದ ಒಂದು ಹನಿ ನ್ಯೂಸ್‌ಪೇಪರಿನ ಮೇಲೆ ಬಿಟ್ಟು ಕಾಯಿರಿ. ಒಳ್ಳೆಯ ಆಯಿಲ್ ಕಪ್ಪು ಚುಕ್ಕೆಯಾಗಿ ಕೂರುತ್ತದೆ, ಡೀಸೆಲ್ ಬೆರೆತಿದ್ದರೆ ಚುಕ್ಕೆಯ ಸುತ್ತ ಎಣ್ಣೆಯ ತೆಳು ಉಂಗುರ ಅಗಲವಾಗಿ ಹರಡುತ್ತದೆ. ಮೂಗಿಗೂ ಗೊತ್ತಾಗುತ್ತದೆ. ಆ ಸ್ಥಿತಿಯಲ್ಲಿ ಸ್ಟಾರ್ಟ್ ಮಾಡಿದರೆ ಬೇರಿಂಗ್ ಹೋಗುವುದು ಒಂದು ಕಡೆ, ಚೇಂಬರಿನಲ್ಲಿರುವುದನ್ನೇ ಕುಡಿದು ಎಂಜಿನ್ ಹುಚ್ಚೆದ್ದು ಓಡುವುದು ಇನ್ನೊಂದು ಕಡೆ. ಆಗ ಸ್ಟಾಪ್ ಕೇಬಲ್ ಎಳೆದರೂ ಪ್ರಯೋಜನವಿಲ್ಲ. ಗಾಳಿಯನ್ನೇ ಬಂದ್ ಮಾಡಬೇಕು. ಮೊದಲ ಸ್ಟಾರ್ಟಿನ ದಿನ ಟರ್ಬೊಗೆ ಬರುವ ಗಾಳಿಯ ಪೈಪು ಬಿಚ್ಚಿ, ಬಾಯಿಗಿಂತ ಅಗಲವಾದ ದಪ್ಪ ಪ್ಲೈವುಡ್ ತುಂಡು ಹಿಡಿದು ಒಬ್ಬರು ನಿಲ್ಲಲೇಬೇಕು. ಬಟ್ಟೆ ಬೇಡ, ಅಂಗೈಯಂತೂ ಬೇಡವೇ ಬೇಡ, ಟರ್ಬೊ ಎರಡನ್ನೂ ಎಳೆದುಕೊಳ್ಳುತ್ತದೆ. ಐದನೇ ಗೇರಿಗೆ ಹಾಕಿ, ಬ್ರೇಕ್ ಒತ್ತಿ, ಕ್ಲಚ್ ಬಿಟ್ಟು ಎಂಜಿನ್ ಕೂರಿಸುವ ದಾರಿಯೂ ಇದೆ. ಆದರೆ ಬ್ರೇಕ್ ಇದ್ದರೆ ತಾನೆ?

ಬ್ರೇಕು ಊರಿನ ಲಾರಿಗಳ ಹಾಗೆ ಪೂರ್ತಿ ಏರ್ ಅಲ್ಲ. ಪೆಡಲ್ ಒತ್ತಿದಾಗ ಮಾಸ್ಟರ್ ಸಿಲಿಂಡರ್ ಬ್ರೇಕ್ ಆಯಿಲನ್ನು ಏರ್‌ಪ್ಯಾಕಿಗೆ ತಳ್ಳುತ್ತದೆ, ಏರ್‌ಪ್ಯಾಕ್ ಗಾಳಿಯ ಬಲ ಸೇರಿಸಿ ಆರೂ ಹಬ್ಬಿಗೆ ಕಳಿಸುತ್ತದೆ. ಸರ್ಕ್ಯೂಟು ಒಂದೇ ಆದ್ದರಿಂದ ಎಲ್ಲೋ ಒಂದು ಹೋಸ್ ಒಡೆದರೂ ಹತ್ತು ಟೈರಿಗೂ ಬ್ರೇಕಿಲ್ಲ. ಹಾಗಾಗಿ ಹೋಸ್ ಚೆನ್ನಾಗಿ ಕಂಡರೂ ನಾನು ಎಲ್ಲವನ್ನೂ ಬದಲಿಸುತ್ತೇನೆ, ಆರು ವೀಲ್ ಸಿಲಿಂಡರಿನ ಸಮೇತ. ಹಳೆ ರಬ್ಬರು ಒಳಗೇ ಊದಿಕೊಂಡಿರುತ್ತದೆ. ಒತ್ತಿದಾಗ ಆಯಿಲ್ ಹೋಗುತ್ತದೆ, ಬಿಟ್ಟಾಗ ವಾಪಸ್ ಬರುವುದಿಲ್ಲ, ಚಕ್ರ ಹಿಡಿದುಕೊಳ್ಳುತ್ತದೆ. ಹಿಡಿದ ಚಕ್ರದ ಬ್ಲೀಡರ್ (ಏರ್ ತೆಗೆಯುವ ತಿರುಪು) ಸಡಿಲಿಸಿ ನೋಡಿ. ಆಯಿಲ್ ಚಿಮ್ಮಿ ಚಕ್ರ ಬಿಟ್ಟುಕೊಂಡರೆ ಪ್ರೆಶರ್ ಒಳಗೇ ಸಿಕ್ಕಿಹಾಕಿಕೊಂಡಿತ್ತು ಅಂತ. ಬಿಡದಿದ್ದರೆ ಶೂ, ಸ್ಪ್ರಿಂಗ್ ಅಥವಾ ಜಾಮ್ ಆದ ಪಿಸ್ಟನ್. ಒಂದು ಚಕ್ರವಲ್ಲ, ಎಲ್ಲವೂ ಹಿಡಿದಿದ್ದರೆ ಮೊದಲು ಪೆಡಲಿನ ಫ್ರೀ ಪ್ಲೇ (ಬಿಗಿ ಸಿಗುವ ಮುಂಚಿನ ಖಾಲಿ ಓಡಾಟ) ನೋಡಬೇಕು, ಕಾಲಿಂಚಿನಿಂದ ಅರ್ಧ ಇಂಚು. ಅಷ್ಟೂ ಇಲ್ಲದಿದ್ದರೆ ಮಾಸ್ಟರ್ ಸಿಲಿಂಡರಿನ ಸಣ್ಣ ತೂತು ಮುಚ್ಚಿಕೊಂಡೇ ಇದ್ದು ಆಯಿಲಿಗೆ ವಾಪಸ್ ದಾರಿಯಿಲ್ಲ.

ಇದರ ಬ್ರೇಕಿಗೆ ಸೇನೆ ಹಾಕಿದ್ದು ಸಿಲಿಕೋನ್ ಆಯಿಲ್, ಡಾಟ್ 5 ಅನ್ನುವ ದರ್ಜೆಯದು. ಡಾಟ್ 5.1 ಅಂದರೆ ಅದೇ ಅಂದುಕೊಂಡವರಿದ್ದಾರೆ. ಅದು ಸಿಲಿಕೋನ್ ಅಲ್ಲ, ಡಾಟ್ 3ರ ಜಾತಿಯದು. ಮಧ್ಯದಲ್ಲಿ ಯಾರಾದರೂ ಡಾಟ್ 3 ಸುರಿದಿದ್ದಾರಾ ಅಂತ ತಿಳಿಯಲು ಬಣ್ಣ ನಂಬಬೇಡಿ, ಹಳೆಯದಾದರೆ ಸಿಲಿಕೋನಿನ ನೇರಳೆ ಬಣ್ಣ ಮಾಸಿಹೋಗುತ್ತದೆ. ಗಾಜಿನ ಲೋಟಕ್ಕೆ ಅರ್ಧ ನೀರು, ಮೇಲೆ ಒಂದು ಚಮಚ ಆಯಿಲ್ ಹಾಕಿ ಕಲಕಿ ಇಡಿ. ಸಿಲಿಕೋನ್ ಬೇರೆಯಾಗಿ ಮೇಲೆ ತೇಲುತ್ತದೆ, ಡಾಟ್ 3 ನೀರಿನಲ್ಲಿ ಕರಗಿಹೋಗುತ್ತದೆ. ಎರಡೂ ಕಂಡರೆ ಪೂರ್ತಿ ಖಾಲಿ ಮಾಡಿ ತೊಳೆಯುವುದೇ ಗತಿ. ಸಿಲಿಕೋನ್ ನೀರು ಹೀರುವುದಿಲ್ಲ ಅನ್ನುವುದು ಒಳ್ಳೆಯದೇ, ಆದರೆ ಒಳಗೆ ಸೇರಿದ ನೀರು ಹನಿಯಾಗಿ ತಗ್ಗಿನಲ್ಲಿ, ಅಂದರೆ ವೀಲ್ ಸಿಲಿಂಡರಿನಲ್ಲಿ, ಕೂತು ಅಲ್ಲೇ ತುಕ್ಕು ಹಿಡಿಸುತ್ತದೆ. ಡಬ್ಬ ಅಲ್ಲಾಡಿಸಬೇಡಿ, ಎತ್ತರದಿಂದ ಸುರಿಯಬೇಡಿ. ಇದರಲ್ಲಿ ಗುಳ್ಳೆ ಎದ್ದರೆ ಬೇಗ ಇಳಿಯುವುದಿಲ್ಲ, ಎಷ್ಟು ಏರ್ ತೆಗೆದರೂ ಪೆಡಲ್ ಸ್ಪಂಜಿನ ಹಾಗೆಯೇ ಇರುತ್ತದೆ.

ಬ್ರೇಕಿನ ಏರ್ ತೆಗೆಯುವಾಗ ಏರ್ ಟ್ಯಾಂಕಿನ ಗಾಳಿ ಖಾಲಿ ಮಾಡಿ, ಮೊದಲು ಏರ್‌ಪ್ಯಾಕಿನ ಬ್ಲೀಡರ್, ಆಮೇಲೆ ದೂರದ ಚಕ್ರದಿಂದ ಹತ್ತಿರಕ್ಕೆ ಬರುತ್ತೇನೆ. ಮಾಸ್ಟರಿನಲ್ಲಿ ಆಯಿಲ್ ಇಳಿಯುತ್ತಿದೆ, ಯಾವ ಚಕ್ರದಲ್ಲೂ ಸೋರಿಕೆ ಇಲ್ಲ ಅಂದರೆ ಏರ್‌ಪ್ಯಾಕಿನ ವೆಂಟ್ ಪೈಪ್ ಬಿಚ್ಚಿ ಬೆರಳಿಟ್ಟು ನೋಡಿ. ಒದ್ದೆಯಾಗಿದ್ದರೆ ಒಳಗಿನ ಸೀಲು ಹೋಗಿ ಆಯಿಲ್ ಗಾಳಿಯ ಕಡೆಗೆ ದಾಟಿದೆ. ಗಾಳಿ ಸುಮಾರು 60 ಪಿಎಸ್ಐ ಏರುವವರೆಗೆ ಬಜರ್ ಕೂಗುತ್ತದೆ. ಕಿರಿಕಿರಿ ಅಂತ ಅದರ ವೈರ್ ಕಿತ್ತಿಟ್ಟ ಗಾಡಿಗಳೂ ಸಿಗುತ್ತವೆ, ನೋಡಿಕೊಳ್ಳಿ. ಗಾಳಿ ಇಲ್ಲದಿದ್ದರೆ ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾಗಿರುತ್ತದೆ, ಗಾಡಿ ನಿಲ್ಲುವುದಿಲ್ಲ. ಆಗ ಉಳಿಯುವುದು ಹ್ಯಾಂಡ್ ಬ್ರೇಕ್ ಒಂದೇ. ಅದು ಚಕ್ರಕ್ಕಲ್ಲ, ಟ್ರಾನ್ಸ್‌ಫರ್ ಕೇಸಿನ (ಮುಂದಿನ, ಹಿಂದಿನ ಆಕ್ಸಲಿಗೆ ಡ್ರೈವ್ ಹಂಚುವ ಪೆಟ್ಟಿಗೆಯ) ಹಿಂದಿನ ಡ್ರಮ್ಮಿಗೆ. ಲಿವರಿನ ತುದಿಯ ಗುಂಡಿ ತಿರುಗಿಸಿದರೆ ಬಿಗಿಯಾಗುತ್ತದೆ.

ಡ್ರಮ್ ತೆಗೆಯಲು ಹಬ್ ಸಮೇತ ಎಳೆಯಬೇಕು, ಬೇರಿಂಗ್ ನಟ್ಟಿಗೆ 3 ಇಂಚಿನ ಬಾಕ್ಸ್ ಬೇಕು. ಉಳಿ ಇಟ್ಟು ಹೊಡೆದ ಗುರುತಿರುವ ನಟ್ ಕಂಡರೆ ಬದಲಿಸಿಬಿಡಿ. ಜೋಡಿಸುವಾಗ ಹಬ್ ತಿರುಗಿಸುತ್ತಾ ಒಳ ನಟ್ಟನ್ನು 50 ಫುಟ್-ಪೌಂಡಿಗೆ ಬಿಗಿದು, ಎಂಟನೇ ಒಂದು ಸುತ್ತು ಹಿಂದೆ ಬಿಟ್ಟು, ಲಾಕ್ ವಾಷರ್, ಹೊರ ನಟ್ ಹಾಕುತ್ತೇನೆ. ಎಡಗಡೆ ಚಕ್ರಗಳ ನಟ್ಟಿಗೆ ಉಲ್ಟಾ ಥ್ರೆಡ್; ಸ್ಟಡ್ ಮುರಿಯುವುದು ಇದು ಗೊತ್ತಿಲ್ಲದವರ ಕೈಯಲ್ಲೇ. ಟೈರನ್ನು ಕಬ್ಬಿಣದ ರಿಂಗ್ ಹಿಡಿದಿಡುವ ಡಿಸ್ಕಿಗೆ ಗಾಳಿ ತುಂಬುವುದು ಕಬ್ಬಿಣದ ಪಂಜರದೊಳಗೆ ಮಾತ್ರ. ತುಕ್ಕು ಹಿಡಿದ ರಿಂಗ್ ಎಗರಿದರೆ ಆಳು ಉಳಿಯುವುದಿಲ್ಲ.

ಇಷ್ಟು ಮುಗಿದ ಮೇಲೆ ಬ್ಯಾಟರಿ. 12 ವೋಲ್ಟಿನ ಎರಡನ್ನು ಸೀರೀಸ್ ಕಟ್ಟಿ 24. ಎರಡೂ ಒಂದೇ ವಯಸ್ಸಿನವು ಇರಲಿ. ಕಂಪ್ರೆಶನ್ 22ಕ್ಕೆ 1 ಇರುವ ಎಂಜಿನ್, ಸೆಲ್ಫ್ ಸೋಮಾರಿಯಾಗಿ ತಿರುಗಿದರೆ ಹೊತ್ತಿಕೊಳ್ಳುವುದಿಲ್ಲ. ಬ್ಯಾಟರಿ ಚೆನ್ನಾಗಿದ್ದೂ ಎಳೆಯದಿದ್ದರೆ, ಸೆಲ್ಫ್ ಹೊಡೆಯುವಾಗ ಮೀಟರಿನ ಒಂದು ಕಡ್ಡಿ ನೆಗೆಟಿವ್ ಪೋಸ್ಟಿಗೆ, ಇನ್ನೊಂದು ಎಂಜಿನ್ ಬ್ಲಾಕಿಗೆ ಇಡಿ. ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಅರ್ಥಿಂಗ್ ಪಟ್ಟಿ ಬಿಚ್ಚಿ ಉಜ್ಜಬೇಕು. ರೇಡಿಯೊಗೆ ಅಂತ ಒಂದೇ ಬ್ಯಾಟರಿಯಿಂದ 12 ವೋಲ್ಟ್ ಕದಿಯಬೇಡಿ. ಚಾರ್ಜ್ ಏರುಪೇರಾಗಿ ಎರಡೂ ಸಾಯುತ್ತವೆ.

ಡೀಸೆಲ್ ಟ್ಯಾಂಕಿನೊಳಗೇ 24 ವೋಲ್ಟಿನ ಪಂಪ್ ಇದೆ. ಸ್ವಿಚ್ ಹಾಕಿದಾಗ ಟ್ಯಾಂಕಿಗೆ ಕಿವಿಯಿಟ್ಟರೆ ಗುಂಯ್ ಅನ್ನಬೇಕು. ಅದು ಸತ್ತಿದ್ದರೂ ಎಂಜಿನ್ ಓಡಬಹುದು, ಆದರೆ ಏರ್ ಹಿಡಿದರೆ ತೆಗೆಯುವುದು ಸಾಹಸ. ಮೂರೂ ಫಿಲ್ಟರ್ ಬದಲಿಸಿ, ಸ್ವಿಚ್ ಹಾಕಿ, ಗುಳ್ಳೆ ನಿಲ್ಲುವವರೆಗೆ ಏರ್ ಬಿಡುವ ಕಾಕ್ ತೆರೆದಿಡಿ. ಮಲ್ಟಿಫ್ಯೂಯಲ್ ಅಂತ ಸುಟ್ಟ ಆಯಿಲ್ ಸುರಿಯುವ ಚಟ ಹಲವರಿಗಿದೆ. ಉಳಿಯುವ ದುಡ್ಡು ಫಿಲ್ಟರಿಗೆ ಹೋಗುತ್ತದೆ, ಫಿಲ್ಟರ್ ದಾಟಿದ್ದು ಪಂಪಿನ ಪ್ಲಂಜರ್ ತಿನ್ನುತ್ತದೆ. ನಾನು ಬರೀ ಡೀಸೆಲ್ ಹಾಕುತ್ತೇನೆ.

ಮೊದಲ ಓಟ ಹತ್ತು ಮೈಲಿ ಸಾಕು. ವಾಪಸ್ ಬಂದು ಎಂಜಿನನ್ನು ಮೂರರಿಂದ ಐದು ನಿಮಿಷ ಐಡಲಿನಲ್ಲಿ ಬಿಡಿ, ಟರ್ಬೊ ತಣಿಯಲಿ. ಆಫ್ ಮಾಡಿದ ಮೇಲೆ ಆರೂ ಹಬ್ಬಿನ ಮೇಲೆ ಕೈಯಿಟ್ಟು ನೋಡಿ. ಒಂದು ಮಾತ್ರ ಮುಟ್ಟಲಾಗದಷ್ಟು ಸುಡುತ್ತಿದ್ದರೆ ಬೇರಿಂಗ್ ಬಿಗಿ ಅಥವಾ ಬ್ರೇಕ್ ಹಿಡಿದಿದೆ. ಅದೇ ದಿನ ಚಕ್ರದ ನಟ್ ಮತ್ತೊಮ್ಮೆ. ಹಿಂದಿನ ಜೋಡಿ ಟೈರಿನಲ್ಲಿ ಹೊರ ನಟ್ ಸ್ವಲ್ಪ ಸಡಿಲಿಸಿ, 13/16 ಇಂಚಿನ ಚೌಕದ ಒಳ ನಟ್ ಬಿಗಿದು, ಆಮೇಲೆ ಒಂದೂವರೆ ಇಂಚಿನ ಹೊರ ನಟ್. ಹೊರಗಿನದನ್ನು ಮಾತ್ರ ಬಿಗಿದು ಬಿಟ್ಟರೆ ಒಳಗಿನ ಚಕ್ರ ಸಡಿಲವಾಗಿಯೇ ಉಳಿಯುತ್ತದೆ, ಹೊರಗಿನಿಂದ ಕಾಣುವುದೂ ಇಲ್ಲ.