ಫಾರ್ವರ್ಡ್ ಬೇಡ, ನಿಮ್ಮ ಮಾತಲ್ಲೇ ಬರೀರಿ

ಮುಂಬಯಿಯ ನಮ್ಮ ಕನ್ನಡ ವಾಟ್ಸಾಪ್ ಗುಂಪಿನಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುವುದಿಲ್ಲ. ಇಳಿಯುವ ಸ್ಟೇಷನ್ನೇ ಹೆಸರು. ಮುಲುಂಡ್ ಕಾಕಾ, ಘಾಟ್ಕೋಪರ್ ಅಣ್ಣ, ವಾಶಿ ಟೀಚರ್, ಭಾಂಡುಪ್ ತಮ್ಮ. ನಾನು ಡೊಂಬಿವಲಿ ಅಕ್ಕ. ಅಡ್ಮಿನ್ ಕೂಡ ನಾನೇ. ಯಾರೂ ಆರಿಸಿದ್ದಲ್ಲ. ಗುಂಪು ಮಾಡುವ ಹೊತ್ತಿಗೆ ನನ್ನ ಫೋನಿನಲ್ಲಿ ಮಾತ್ರ ಚಾರ್ಜ್ ಉಳಿದಿತ್ತು, ಅಷ್ಟೇ.

ಅದು 2019. ಮಾಟುಂಗಾದಲ್ಲಿ ಒಂದು ಕನ್ನಡ ಕಾರ್ಯಕ್ರಮ ಮುಗಿಸಿ ಹನ್ನೊಂದು ಜನ ಒಂದೇ ಸ್ಲೋ ಲೋಕಲ್ ಹತ್ತಿದ್ದೆವು. ಹತ್ತಿದ್ದೇ ತಡ, ವಾದ ಶುರು. ಯಕ್ಷಗಾನದ ಹಾಸ್ಯದಲ್ಲಿ ರಾಜಕೀಯ ತರಬೇಕೋ ಬೇಡವೋ ಅಂತ. ವಾಶಿ ಟೀಚರ್ ಕುರ್ಲಾದಲ್ಲಿ ಗಾಡಿ ಬದಲಿಸಬೇಕಿತ್ತು. ಮಾತು ಬಿಟ್ಟು ಇಳಿಯಲಾರದೆ ಘಾಟ್ಕೋಪರ್ ತನಕ ಬಂದುಬಿಟ್ಟರು. ಮುಲುಂಡ್‌ನಲ್ಲಿ ಕಾಕಾ ಇಳಿದು, ಪ್ಲಾಟ್‌ಫಾರ್ಮಿನಿಂದಲೇ ಕಿಟಕಿಗೆ ಕೈ ಬಡಿದು, 'ನಂದಿನ್ನೂ ಮುಗದಿಲ್ಲ' ಅಂದರು. ಹಾಗೆ ಹುಟ್ಟಿದ ಗುಂಪು. ಈಗ 160 ಜನ ಇದ್ದೇವೆ. ಮುಂಬಯಿಯವರೇ ಜಾಸ್ತಿ, ಪುಣೆಯವರು ಕೆಲವರು, ಗೋವಾದವರು ನಾಲ್ಕು ಮಂದಿ.

ಮೊದಲ ಮೂರು ವರ್ಷ ಅದು ಚರ್ಚೆಯ ಗುಂಪಾಗಿರಲಿಲ್ಲ, ಫಾರ್ವರ್ಡ್‌ಗಳ ಗೋದಾಮಾಗಿತ್ತು. ಬೆಳಿಗ್ಗೆ ಗುಲಾಬಿ, ಮಧ್ಯಾಹ್ನ ದೇಶಭಕ್ತಿ, ರಾತ್ರಿ ಬೈಗುಳ. ನಾನು ಫೋರ್ಟ್‌ನ ಒಂದು ಆಫೀಸಿನಲ್ಲಿ ಲೆಕ್ಕ ನೋಡುವವಳು. ದಿನಾ ಫಾಸ್ಟ್ ಲೋಕಲಿನ ಲೇಡೀಸ್ ಡಬ್ಬಿಯಲ್ಲಿ ನಿಂತು, ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದು ಕೈಯಲ್ಲಿ ಫೋನು. ಕೊನೆಯ ಸ್ಟೇಷನ್ ಸಿಎಸ್‌ಎಂಟಿ ಬರುವಷ್ಟರಲ್ಲಿ ಇನ್ನೂರು ಮೆಸೇಜ್ ಅಳಿಸಿರುತ್ತಿದ್ದೆ.

2022ರ ಡಿಸೆಂಬರ್‌ನಲ್ಲಿ ಕರ್ನಾಟಕ-ಮಹಾರಾಷ್ಟ್ರ ಗಡಿ ಗಲಾಟೆ ಎದ್ದಿತು. ಬೆಳಗಾವಿಯ ಹಿರೇಬಾಗೇವಾಡಿ ಹತ್ತಿರ ಮಹಾರಾಷ್ಟ್ರದ ಲಾರಿಗಳ ಮೇಲೆ ಕಲ್ಲು ಬಿತ್ತು. ಪುಣೆಯಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಳಿದರು. ಇಷ್ಟು ನಿಜ. ಆದರೆ ನಮ್ಮ ಗುಂಪಿಗೆ ಬಂದದ್ದು ಬೇರೆ: ಬಸ್ಸೊಂದು ಧಗಧಗ ಉರಿಯುವ ವಿಡಿಯೊ, 'ನಿನ್ನೆ ರಾತ್ರಿ, ನಮ್ಮವರ ಬಸ್ಸು' ಅಂತ. ಹತ್ತು ನಿಮಿಷದಲ್ಲಿ ಅರವತ್ತು ಮೆಸೇಜ್. ಪುಣೆಯ ಒಬ್ಬ ತಾಯಿ ಮಗನನ್ನು ಆಫೀಸಿನಿಂದ ವಾಪಸ್ ಕರೆಸಿಕೊಂಡರು. ನಾನು ವಿಡಿಯೊ ನಿಲ್ಲಿಸಿ, ಬೆರಳಿನಿಂದ ದೊಡ್ಡದು ಮಾಡಿ ನೋಡಿದೆ. ಹಿಂದಿನ ಅಂಗಡಿಯ ಬೋರ್ಡ್ ತಮಿಳಿನಲ್ಲಿತ್ತು. ಹಾಕಿದವರನ್ನು ಕೇಳಿದರೆ, 'ನಂಗೇನು ಗೊತ್ತು ಅಕ್ಕ, ಬಂತು, ಕಳಿಸಿದೆ' ಅಂದರು.

ಆ ರಾತ್ರಿ ಗುಂಪಿಗೆ ಒಂದೇ ಸಾಲು ಬರೆದೆ: ನಾಳೆಯಿಂದ ಫಾರ್ವರ್ಡ್ ಬೇಡ. ಹೇಳುವುದಿದ್ದರೆ ನಿಮ್ಮ ಮಾತಲ್ಲೇ ಬರೀರಿ.

ಒಂದು ವಾರ ಗುಂಪು ಸತ್ತಂತೆ ಇತ್ತು. ಹದಿನೇಳು ಜನ ಬಿಟ್ಟು ಹೋದರು. ಬೇಜಾರೇನೂ ಆಗಲಿಲ್ಲ ಅಂದರೆ ಸುಳ್ಳು.

ಆಮೇಲೆ ಜನ ದಾರಿ ಹುಡುಕಿದರು. ಫಾರ್ವರ್ಡ್ ಮಾಡಿದ ಮೆಸೇಜಿನ ಮೇಲೆ ಬಾಣದ ಗುರುತು ಬರುತ್ತದೆ, ಕೈಯಿಂದ ಕೈಗೆ ತುಂಬಾ ಓಡಾಡಿದ್ದರೆ ಜೋಡಿ ಬಾಣ. ಅಂಥದ್ದನ್ನು 2020ರಿಂದ ಒಂದು ಸಲಕ್ಕೆ ಒಂದೇ ಕಡೆ ಕಳಿಸಲು ಬರುತ್ತದೆ. ಆದರೆ ಕಾಪಿ ಮಾಡಿ ಪೇಸ್ಟ್ ಮಾಡಿದರೆ ಬಾಣವೇ ಇಲ್ಲ! ಅದನ್ನು ಹಿಡಿಯುವುದು ಹೇಗೆ? ಭಾಷೆಯಿಂದ. 'ಹೌದ್ರಿ, ಇಲ್ರಿ' ಅನ್ನುವ ಮನುಷ್ಯ ಇದ್ದಕ್ಕಿದ್ದಂತೆ 'ಸಮಸ್ತ ಬಂಧುಗಳೇ ಎಚ್ಚೆತ್ತುಕೊಳ್ಳಿ' ಅಂತ ಬರೆದರೆ ಅದು ಅವರದ್ದಲ್ಲ. ಅಳಿಸುವುದಕ್ಕಿಂತ ಮೊದಲು ಒಂದು ಪ್ರಶ್ನೆ ಹಾಕುತ್ತೇನೆ: 'ಇದು ನಿಮ್ಮ ಮಾತಾ? ಹಾಗಾದರೆ ಮೂರನೇ ಸಾಲಿನ ಅರ್ಥ ಸ್ವಲ್ಪ ಬಿಡಿಸಿ ಹೇಳಿ.' ಮುಕ್ಕಾಲು ಜನ ಅವರೇ ಅಳಿಸುತ್ತಾರೆ. ಇದು ಟೀಚರಿಕೆ ಆಯಿತು ಅಂತ ವಾಶಿ ಟೀಚರೇ ನನಗೆ ಬೈದದ್ದಿದೆ.

ನಿಯಮಕ್ಕೆ ಬೆಲೆ ಬಂದದ್ದು ಮುಲುಂಡ್ ಕಾಕಾನಿಂದ. ಗಡಿ ವಿಷಯ ಇನ್ನೂ ಬಿಸಿಯಾಗಿತ್ತು. ಒಬ್ಬರು, ಈ ಗಡಿ ಜಗಳ ಬಗೆಹರಿಸಲು ಕೇಂದ್ರ ನೇಮಿಸಿದ್ದ ಮಹಾಜನ್ ಆಯೋಗದ ಲೆಕ್ಕ ಹಾಕಿದರು. 1966ರಲ್ಲಿ ನೇಮಕ, 1967ರಲ್ಲಿ ವರದಿ, ಬೆಳಗಾವಿ ಕರ್ನಾಟಕದಲ್ಲೇ ಇರಲಿ, ನಿಪ್ಪಾಣಿ, ಖಾನಾಪುರ ಸೇರಿ 264 ಹಳ್ಳಿ ಮಹಾರಾಷ್ಟ್ರಕ್ಕೆ, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರದ ಕಡೆಯ 247 ಹಳ್ಳಿ ಕರ್ನಾಟಕಕ್ಕೆ. ಇನ್ನೊಬ್ಬರು, ಮಹಾರಾಷ್ಟ್ರ ಆ ವರದಿಯನ್ನು ಒಪ್ಪಲೇ ಇಲ್ಲ, 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿದೆ, ಈಗ ಯಾಕೆ ಅದನ್ನು ಎಳೀತೀರಿ ಅಂದರು. ಎರಡೂ ಸರಿ. ಎರಡೂ ಗೊತ್ತಿದ್ದದ್ದೇ. ಅಷ್ಟರಲ್ಲಿ ಕಾಕಾ ಬರೆದರು:

'ನಾ ಹುಟ್ಟಿದ್ದು ಅಕ್ಕನ ಕೋಟು ತಾಲೂಕಿನಾಗ.'

ಗುಂಪಿಗೆ ಗುಂಪೇ ನಕ್ಕಿತು. ಕಾಕಾ ಮೈಕ್ ಒತ್ತಿ ಮಾತಾಡಿ ಬರೆಸುತ್ತಾರೆ. ಅವರ ಸೊಲ್ಲಾಪುರದ ಕಡೆಯ ಕನ್ನಡ ಫೋನಿಗೆ ಅರ್ಥವೇ ಆಗುವುದಿಲ್ಲ. ಅಕ್ಕಲಕೋಟ ಹೋಗಿ ಅಕ್ಕನ ಕೋಟು ಆಗಿತ್ತು. ಕಾಕಾ ತಿದ್ದಿ ಮುಂದುವರಿಸಿದರು:

'ಆಯೋಗದ ವರದಿ ಬಂದಾಗ ನನಗ ಹನ್ನೊಂದು ವರ್ಷ. ಮನ್ಯಾಗ ಕನ್ನಡ, ಸಾಲ್ಯಾಗ ಮರಾಠಿ. ಮುಂಬೈಗೆ ಬಂದ ಮ್ಯಾಲೆ ಅವ್ವಗ ಮರಾಠ್ಯಾಗ ಪತ್ರ ಬರೀತಿದ್ದೆ, ಕನ್ನಡ ಅಕ್ಷರ ಬರ್ತಿರಲಿಲ್ಲ. ಪೋಸ್ಟಿನವ ಅದನ್ನ ಕನ್ನಡದಾಗ ಓದಿ ಹೇಳ್ತಿದ್ದ. ಅವ್ವ ಕನ್ನಡದಾಗ ಹೇಳಿದ್ದನ್ನ ಮರಾಠ್ಯಾಗ ಬರದು ಹಾಕ್ತಿದ್ದ. ಕನ್ನಡ ಓದಾಕ ಕಲ್ತಿದ್ದು ನಲವತ್ತಕ್ಕ, ಇಲ್ಲೇ, ಹೋಟೆಲಿನ್ಯಾಗ ಬರೋ ಪೇಪರ್ ನೋಡಿ. ನಮ್ಮೂರು ಯಾವ ಕಡೆ ಅಂತ ಕೇಳ್ತೀರಿ. ಪೋಸ್ಟಿನವನ ಕೇಳ್ರಿ.'

ಅವತ್ತು ಗುಂಪಿನಲ್ಲಿ ಹಳ್ಳಿಗಳ ಲೆಕ್ಕ ನಿಂತಿತು. ಯಾರೂ ಅಭಿಪ್ರಾಯ ಬದಲಿಸಲಿಲ್ಲ, ಅದು ನನಗೆ ಗೊತ್ತು. ಆದರೆ ಆಮೇಲೆ ಜನ ಬರೆದದ್ದೇ ಬೇರೆ ಥರ. ಒಬ್ಬರು ನಿಪ್ಪಾಣಿಯ ತವರುಮನೆಯಲ್ಲಿ ಮದುವೆ ಪತ್ರಿಕೆಯನ್ನು ಎರಡು ಭಾಷೆಯಲ್ಲಿ ಅಚ್ಚು ಹಾಕಿಸುವ ತಾಪತ್ರಯ ಬರೆದರು. ಇನ್ನೊಬ್ಬರು ಬೆಳಗಾವಿಯ ಕಾಲೇಜಿನ ದಿನಗಳನ್ನು ಬರೆದರು, ಸಿಟ್ಟಿನಿಂದಲೇ. ಸಿಟ್ಟು ಇರಲಿ, ಅವರದ್ದೇ ಸಿಟ್ಟು ಅಲ್ವಾ.

ಅಂಗಡಿ ಬೋರ್ಡಿನ ಭಾಷೆಯ ವಿಷಯ ನಮ್ಮಲ್ಲಿ ಮೂರು ವಾರ ನಡೆಯಿತು. ಮಹಾರಾಷ್ಟ್ರದಲ್ಲಿ 2022ರಲ್ಲಿ ಕಾನೂನು ಬಂದು, ಹತ್ತು ಜನಕ್ಕಿಂತ ಕಡಿಮೆ ಕೆಲಸಗಾರರಿರುವ ಅಂಗಡಿಗೂ ಮರಾಠಿ ಬೋರ್ಡ್ ಕಡ್ಡಾಯ ಆಯಿತು. ಮರಾಠಿ ಅಕ್ಷರ ಬೇರೆ ಭಾಷೆಯ ಅಕ್ಷರಕ್ಕಿಂತ ಚಿಕ್ಕದಿರಬಾರದು. ವ್ಯಾಪಾರಿಗಳು ಸುಪ್ರೀಂ ಕೋರ್ಟಿಗೆ ಹೋದರು. 2023ರ ಸೆಪ್ಟೆಂಬರ್‌ನಲ್ಲಿ ಕೋರ್ಟು ಎರಡು ತಿಂಗಳ ಗಡುವು ಕೊಟ್ಟಿತು. ಆಗ ನಮ್ಮ ಹೋಟೆಲಿನವರೆಲ್ಲ ಗುಂಪಿನಲ್ಲಿ ಗೊಣಗಿದ್ದೇ ಗೊಣಗಿದ್ದು. ಅದೇ ವರ್ಷ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಶೇಕಡಾ 60 ಕನ್ನಡ ಇರಬೇಕು ಅಂತ ಚಳವಳಿ ಆಯಿತು, ಬೋರ್ಡುಗಳನ್ನು ಒಡೆದರು. ಗೊಣಗಿದವರೇ ಈಗ ಚಪ್ಪಾಳೆಯ ಗುರುತು ಒತ್ತಿದರು!

ಘಾಟ್ಕೋಪರ್ ಅಣ್ಣನಿಗೆ ಸಣ್ಣ ಹೋಟೆಲಿದೆ. ಅವರು ಬರೆದರು: 'ಎಂತ ಮಾರಾಯ್ರೆ, ಅಲ್ಲಿ ಕನ್ನಡ ಹಾಕದವನಿಗೆ ಬುದ್ಧಿ ಇಲ್ಲ ಅಂತೀರಿ, ಇಲ್ಲಿ ಮರಾಠಿ ಹಾಕಿ ಅಂದವರಿಗೆ ಬುದ್ಧಿ ಇಲ್ಲ ಅಂತೀರಿ. ಎರಡಕ್ಕೂ ಒಂದೇ ಉತ್ತರ ಕೊಡಿ ನೋಡುವ.' ಜೊತೆಗೆ ಅವರ ಹೊಸ ಬೋರ್ಡಿನ ಫೋಟೊ. ಮರಾಠಿ ದೊಡ್ಡದಾಗಿ, ಇಂಗ್ಲಿಷ್ ಅದರ ಕೆಳಗೆ. ಬಲಗಡೆ ಮೂಲೆಯಲ್ಲಿ ಆಸೆಪಟ್ಟು ಸಣ್ಣದಾಗಿ ಕನ್ನಡವನ್ನೂ ಬರೆಸಿದ್ದರು. ಪೇಂಟರ್ ಭೈಯ್ಯಾಗೆ ಕನ್ನಡ ಬರುವುದಿಲ್ಲ, ಚೀಟಿ ನೋಡಿ ಚಿತ್ರ ಬಿಡಿಸಿದಂತೆ ಬಿಡಿಸಿದ್ದ. 'ಹೋಟೆಲ್' ಹೋಗಿ 'ಹೊಟೆಲ' ಆಗಿತ್ತು. ಅಣ್ಣ ತಿದ್ದಿಸಲಿಲ್ಲ. 'ಓದುವವರು ನೀವು ನಾಲ್ಕು ಜನ, ನಿಮಗೆ ಹೇಗೂ ಗೊತ್ತುಂಟಲ್ಲ' ಅಂದರು.

ಅವರ ಪ್ರಶ್ನೆಗೆ ಸರಿಯಾದ ಉತ್ತರ ಯಾರೂ ಕೊಡಲಿಲ್ಲ. ನನ್ನದೂ ತೇಪೆಯ ಉತ್ತರವೇ: ಬೋರ್ಡ್ ಬದಲಿಸಿ, ಒಡೆಯಬೇಡಿ. 2025ರಲ್ಲಿ ಇಲ್ಲಿ ಒಂದನೇ ಕ್ಲಾಸಿನಿಂದ ಹಿಂದಿ ಅಂತ ಸರ್ಕಾರ ಆದೇಶ ಹೊರಡಿಸಿ, ಜೂನ್ ಕೊನೆಗೆ ಹಿಂದೆ ತೆಗೆದುಕೊಂಡಾಗಲೂ ಇದೇ ಮಾತು ಸುತ್ತಿ ಬಂತು. ಅದನ್ನು ಇಲ್ಲಿ ಮತ್ತೆ ಹೇಳುವುದಿಲ್ಲ.

ಈಗ ನನ್ನ ತಪ್ಪು. ಭಾಂಡುಪ್ ತಮ್ಮ ಯಾದಗಿರಿ ಕಡೆಯವನು, ಕಟ್ಟಡದ ಕೆಲಸ. ಗುಂಪು ಶುರುವಾದಾಗ ದಿನಕ್ಕೆ ಎರಡಾದರೂ ಏನಾದರೂ ಕಳಿಸುತ್ತಿದ್ದ, ಎಲ್ಲ ಫಾರ್ವರ್ಡೇ. ನಿಯಮ ಬಂದ ಮೇಲೆ ಸುಮ್ಮನಾದ. ನಾನು ಸುಧಾರಿಸಿದ ಅಂದುಕೊಂಡೆ. ಆರು ತಿಂಗಳಾದ ಮೇಲೆ ಸ್ಟೇಷನ್ನಿನಲ್ಲಿ ಸಿಕ್ಕ. ಯಾಕೋ ಏನೂ ಬರೆಯಲ್ಲ ಅಂದೆ. ಬೇರೆ ಕಡೆ ನೋಡುತ್ತಾ, 'ಅಕ್ಕಾ, ನನಗ ಬರಿಯಾಕ ಬರಂಗಿಲ್ಲ' ಅಂದ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು. ಓದುತ್ತಾನೆ, ನಿಧಾನಕ್ಕೆ. ಬರೆದರೆ ನೀವೆಲ್ಲ ನಗ್ತೀರಿ ಅನ್ನುವ ಹೆದರಿಕೆ. ಕಾಕಾನ 'ಅಕ್ಕನ ಕೋಟು' ಓದಿ ನಾವು ನಕ್ಕದ್ದನ್ನು ಅವನು ನೋಡಿದ್ದ. ಕಾಕಾಗೆ ಅದು ತಮಾಷೆ, ಇವನಿಗೆ ಅಲ್ಲ.

ಅವತ್ತೇ ನಿಯಮ ತಿದ್ದಿದೆ. ದನಿಯಲ್ಲಿ ಹೇಳಿದರೂ ನಡೆಯುತ್ತದೆ, ಒಂದು ನಿಮಿಷ ಮೀರಬಾರದು. ಈಗ ನಮ್ಮಲ್ಲಿ ಎಲ್ಲರೂ ಕಾಯುವುದು ಅವನ ಒಂದು ನಿಮಿಷಕ್ಕೆ. ಕಟ್ಟಡದ ಹತ್ತನೇ ಮಹಡಿಯಿಂದ ಮಾತಾಡುತ್ತಾನೆ, ಹಿಂದೆ ಗಾಳಿ, ಮಿಕ್ಸರ್ ಯಂತ್ರದ ಸದ್ದು. ಚುನಾವಣೆ ಬಂದಾಗ ಊರಿಗೆ ಬಸ್ಸು ಮಾಡಿ ಯಾರು ಕರೆದುಕೊಂಡು ಹೋಗುತ್ತಾರೆ, ವಾಪಸ್ ಬರಲು ಬಸ್ಸು ಯಾಕೆ ಇರುವುದಿಲ್ಲ ಅನ್ನುವುದನ್ನು ಅವನು ಹೇಳಿದಷ್ಟು ಚೆನ್ನಾಗಿ ಯಾವ ಪೇಪರಿನಲ್ಲೂ ನಾನು ಓದಿಲ್ಲ.

ಇನ್ನು ಅಡ್ಮಿನ್ ಕೆಲಸದ ಹೆದರಿಕೆ. ನಮ್ಮ ಯಜಮಾನರಿಗೆ ಒಂದೇ ಚಿಂತೆ: ಯಾರೋ ಏನೋ ಬರೀತಾರೆ, ನೀನು ಒಳಗೆ ಹೋಗ್ತೀಯ. ಅವರ ಹೆದರಿಕೆ ಸುಮ್ನೆ ಅಲ್ಲ. 2012ರ ನವೆಂಬರ್‌ನಲ್ಲಿ ಬಾಳ್ ಠಾಕ್ರೆ ತೀರಿಕೊಂಡಾಗ, ಬಂದ್ ಬಗ್ಗೆ ಫೇಸ್‌ಬುಕ್‌ನಲ್ಲಿ ಬರೆದ ಒಬ್ಬ ಹುಡುಗಿಯನ್ನೂ ಅದಕ್ಕೆ ಲೈಕ್ ಒತ್ತಿದ ಇನ್ನೊಬ್ಬಳನ್ನೂ ಇಲ್ಲೇ ಪಾಲ್ಘರ್‌ನಲ್ಲಿ ಬಂಧಿಸಿದ್ದರು. ಆ ಬಂಧನಕ್ಕೆ ಬಳಸಿದ ಐಟಿ ಕಾಯ್ದೆಯ 66ಎ ಕಲಮನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್‌ನಲ್ಲಿ ರದ್ದು ಮಾಡಿತು. 2021ರಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ, ಸದಸ್ಯ ಬರೆದದ್ದಕ್ಕೆ ಅಡ್ಮಿನ್ ಹೊಣೆ ಅಲ್ಲ, ಇಬ್ಬರೂ ಸೇರಿ ಮಾಡಿದ ಸಂಚಿದ್ದರೆ ಮಾತ್ರ ಹೊಣೆ ಅಂತ ಹೇಳಿತು. ಇದನ್ನು ಯಜಮಾನರಿಗೆ ಓದಿ ಹೇಳಿದೆ. 'ಕೋರ್ಟು ಬಿಡಬಹುದು, ಅಷ್ಟರೊಳಗೆ ಪೊಲೀಸ್ ಸ್ಟೇಷನ್ನಿಗೆ ಎಷ್ಟು ಸಲ ಅಲೀಬೇಕು?' ಅಂದರು. ಅದಕ್ಕೆ ನನ್ನಲ್ಲಿ ಉತ್ತರ ಇಲ್ಲ. ಧರ್ಮ, ಜಾತಿ ಹಿಡಿದು ಬೈದರೆ ಮಾತ್ರ ಕೇಳದೆ ಕೇಳಿಸದೆ ಅಳಿಸುತ್ತೇನೆ.

ಉಳಿದದ್ದು ಸಣ್ಣ ಪುಟ್ಟ ವಿಷಯ. ಪೇಪರ್ ಕಟಿಂಗ್ ಹಾಕಿದರೆ ಪೇಪರಿನ ಹೆಸರು, ತಾರೀಕು ಕಾಣಬೇಕು. ಹಳೆಯ ಸುದ್ದಿ ಹೊಸದಾಗಿ ಬರುವುದು ಇದರಿಂದಲೇ ಅರ್ಧ ನಿಂತಿದೆ. ರಾತ್ರಿ ಹತ್ತರಿಂದ ಬೆಳಿಗ್ಗೆ ಏಳರ ತನಕ ಅಡ್ಮಿನ್ ಮಾತ್ರ ಬರೆಯುವಂತೆ ಗುಂಪನ್ನು ಮುಚ್ಚುತ್ತೇನೆ. ಹತ್ತರ ಮೇಲೆ ಬರೆಯುವವರು ಬೇರೆಯೇ ಮನುಷ್ಯರಾಗಿರುತ್ತಾರೆ. ಇಬ್ಬರು ಕಚ್ಚಾಡಿದರೆ ಗುಂಪಿನಲ್ಲಿ ಪಂಚಾಯಿತಿ ಮಾಡುವುದಿಲ್ಲ, ಇಬ್ಬರಿಗೂ ಬೇರೆ ಬೇರೆ ಫೋನ್ ಮಾಡುತ್ತೇನೆ. ಊಟ ಆಯ್ತಾ ಅಂತ ಮೊದಲು ಕೇಳುವುದು. ಅರ್ಧ ಜಗಳಕ್ಕೆ ಕಾರಣ ಬೇರೆಲ್ಲೋ ಇರುತ್ತದೆ, ಸೊಸೆ, ಬಿಪಿ, ಲೇಟಾದ ಗಾಡಿ.

ಭಾನುವಾರಕ್ಕೊಂದು ವಿಷಯ ಇಟ್ಟಿದ್ದೇವೆ. ಹೋದ ಭಾನುವಾರ ಮಹದಾಯಿ, ಅಂದರೆ ಆ ಹೊಳೆಯ ನೀರಿಗಾಗಿ ಕರ್ನಾಟಕ, ಗೋವಾ ನಡುವೆ ಇರುವ ಜಗಳ. ನ್ಯಾಯಮಂಡಳಿ 2018ರ ಆಗಸ್ಟ್‌ನಲ್ಲಿ ಕರ್ನಾಟಕಕ್ಕೆ 13.42 ಟಿಎಂಸಿ ಅಂದಿದೆ, ಆದರೂ ಕಾಲುವೆ ಕೆಲಸ ಯಾಕೆ ಮುಗಿದಿಲ್ಲ ಅಂತ ವಾಶಿ ಟೀಚರ್ ಶುರು ಮಾಡಿದರು. ಅವರ ತವರು ಹುಬ್ಬಳ್ಳಿ. ಅವ್ವ ಈಗಲೂ ಕ್ಯಾಲೆಂಡರಿನಲ್ಲಿ ನಲ್ಲಿ ನೀರು ಬಂದ ದಿನಕ್ಕೆ ಗುಂಡು ಸುತ್ತುತ್ತಾಳಂತೆ. ಆ ಪುಟದ ಫೋಟೊ ಹಾಕಿದರು, ಇಡೀ ತಿಂಗಳಿಗೆ ಐದು ಗುಂಡು. ಗೋವಾದ ಪೋಂಡಾ ಮಾಮಾ ಕಾರವಾರ ಬಿಟ್ಟು ಮೂವತ್ತು ವರ್ಷ ಆಯಿತು. ಅವರು ಬರೆದರು, 'ಟೀಚರೇ, ನಮ್ಮ ನಲ್ಲಿಗೆ ಬರುವುದು ಓಪಾದ ನೀರು. ಅದು ಖಾಂಡೇಪಾರ್ ಹೊಳೆ, ಮಹದಾಯಿಯದೇ ಕವಲು. ನಾನು ಕನ್ನಡದವನು ಅಂತ ನನ್ನ ಮನೆ ನೀರಿನ ವಿರುದ್ಧ ಕೈ ಎತ್ತಲಾ?' ಟೀಚರ್ ಅದಕ್ಕೆ ಬರೆದ ಉತ್ತರವನ್ನು ಅವರೇ ಅಳಿಸಿದ್ದಾರೆ. ಮೊದಲು ಬಂದು ಹೋದದ್ದನ್ನು ನಾನು ಓದಿದ್ದೇನೆ, ಮಾಮಾ ಕೂಡ ಓದಿದ್ದಾರೆ ಅಂತ ಕಾಣುತ್ತದೆ. ಮೂರು ದಿನದಿಂದ ಮಾಮಾ ಏನೂ ಬರೆದಿಲ್ಲ. ಇವತ್ತು ರಾತ್ರಿ ಒಂಬತ್ತಕ್ಕೆ ಫೋನ್ ಮಾಡಬೇಕು. ಮೊದಲು ಮಾಮಾಗೆ, ಆಮೇಲೆ ಟೀಚರಿಗೆ.