ಮಾತು ಮೊದಲು, ಬೀಟ್ ಆಮೇಲೆ: ವಿಡಿಯೋ ರೀಮಿಕ್ಸ್‌ನಲ್ಲಿ ನನ್ನ ಅನುಭವ

"ಅದು ಮಿಮಿಕ್ರಿ ಕಣೋ, ಸಂಗೀತ ಅಲ್ಲ." ಜನರ ಮಾತು ಕತ್ತರಿಸಿ ಟ್ರ್ಯಾಕ್ ಮಾಡ್ತೀನಿ, ಅದರಲ್ಲೇ ಜೀವನ ನಡೆಸ್ತೀನಿ ಅಂದಾಗ ಜೊತೆಯ ಡಿಜೆಗಳಿಂದ ಬಂದ ಉತ್ತರ ಇದು. ಹಾಗೆ ಅಂದವರಲ್ಲೇ ಒಬ್ಬರು ಈಚೆಗೆ ತಮ್ಮ ಸೆಟ್‌ಗೆ ವಿಡಿಯೋ ಫೈಲ್ ಕೇಳಿಕೊಂಡು ಬಂದಿದ್ದರು. ಕೊಟ್ಟೆ, ಪುಕ್ಕಟೆ ಕೊಡಲಿಲ್ಲ. ಈಗ ನನ್ನ ಆದಾಯದ ಹತ್ತಿರ ಹತ್ತಿರ ಮುಕ್ಕಾಲು ಪಾಲು ಈ 'ಮಿಮಿಕ್ರಿ'ಯಿಂದಲೇ ಬರುತ್ತಿದೆ. ವಾರ್ಪ್ ಮಾರ್ಕರ್ ಅಂದರೇನು, ಸೈಡ್‌ಚೈನ್ ಯಾಕೆ ಅನ್ನುವ ಪಾಠ ಇಲ್ಲಿಲ್ಲ. ಸಂಗೀತದ ಸಾಫ್ಟ್‌ವೇರ್ ತೆರೆದುಕೊಂಡು ಕೂತವರಿಗಾಗಿ ಬರೆಯುತ್ತಿದ್ದೇನೆ.

ಮೊದಲು ದುಡ್ಡಿನ ವಿಷಯ. ವಿಡಿಯೋಗೆ ಬರುವ ಮುಂಚೆ ವರ್ಷಗಟ್ಟಲೆ ಶುದ್ಧ ಹೌಸ್ (ಒಂದೇ ಸಮನೆ ಬೀಟ್ ಬಡಿಯುವ ಕುಣಿತದ ಸಂಗೀತ) ಮಾಡಿದೆ. ಏಳೆಂಟು ಟ್ರ್ಯಾಕ್ ಸಣ್ಣಪುಟ್ಟ ಲೇಬಲ್‌ಗಳಲ್ಲಿ ಬಂದವು. ಅವೆಲ್ಲ ಸೇರಿ ವರ್ಷಕ್ಕೆ ತಂದುಕೊಟ್ಟದ್ದು ಒಂದು ರಾತ್ರಿ ಸೆಟ್ ಆಡಿದರೆ ಸಿಗುವ ಸಂಭಾವನೆಯ ಅರ್ಧದಷ್ಟು. ಮಾಸ್ಟರಿಂಗ್‌ಗೆ (ಟ್ರ್ಯಾಕ್‌ನ ಸದ್ದನ್ನು ಕೊನೆಯದಾಗಿ ಹದ ಮಾಡುವುದಕ್ಕೆ) ಕೊಟ್ಟದ್ದು ಅದಕ್ಕಿಂತ ಹೆಚ್ಚು. ಆಮೇಲೆ ನಾನು ಎಲ್ಲ ಲೆಕ್ಕವನ್ನೂ 'ರಾತ್ರಿ'ಗಳಲ್ಲೇ ಇಡತೊಡಗಿದೆ: ಸಾಫ್ಟ್‌ವೇರ್‌ಗೆ ಜೋಡಿಸುವ ಈ ಪ್ಲಗಿನ್ ಒಂದು ರಾತ್ರಿ, ಈ ಲ್ಯಾಪ್‌ಟಾಪ್ ಹದಿನೈದು ರಾತ್ರಿ. ಹಾಗೆ ಲೆಕ್ಕ ಹಾಕಿದಾಗ ಎಷ್ಟೋ ಸಾಮಾನು ಅಂಗಡಿಯಲ್ಲೇ ಉಳಿಯುತ್ತದೆ.

ಮಾತನ್ನು ಹಾಡಾಗಿಸುವ ಹುಚ್ಚು ಹೊಸದೇನಲ್ಲ. ದನಿಯ ಶ್ರುತಿ ತಿದ್ದುವ ಆಟೋ-ಟ್ಯೂನ್ ಬಂದದ್ದು 1997ರಲ್ಲಿ. ಅಮೆರಿಕದ ಗ್ರೆಗರಿ ಬ್ರದರ್ಸ್ ತಂಡ 2009ರಲ್ಲಿ ಸುದ್ದಿ ಓದುವವರನ್ನೇ ಹಾಡಿಸಿತು. ಮರುವರ್ಷ ಅವರು ಒಂದು ಟಿವಿ ಸಂದರ್ಶನದಿಂದ ಮಾಡಿದ ಹಾಡು ಅಲ್ಲಿನ ಜನಪ್ರಿಯ ಹಾಡುಗಳ ಪಟ್ಟಿ ಬಿಲ್‌ಬೋರ್ಡ್ ಹಾಟ್ 100ರೊಳಗೆ ಹೋಯಿತು. ಅದಾದ ಮೇಲೆ ಎಲ್ಲರೂ ಹಿಡಿದದ್ದು ಒಂದೇ ದಾರಿ: 128 ಬಿಪಿಎಂನ (ನಿಮಿಷಕ್ಕೆ 128 ಬೀಟ್) ರೆಡಿಮೇಡ್ ಬೀಟ್ ಹಾಕು, ಮೇಲೆ ಮಾತು ಅಂಟಿಸು, ಆಟೋ-ಟ್ಯೂನ್ ಪೂರ್ತಿ ತಿರುಗಿಸು. ನಾನೂ ಒಂದಷ್ಟು ಕಾಲ ಅದನ್ನೇ ಮಾಡಿದೆ. ಕೇಳಿದವರು ಒಮ್ಮೆ ನಕ್ಕು ಮುಂದೆ ಹೋಗುತ್ತಿದ್ದರು, ಎರಡನೇ ಸಲ ಯಾರೂ ಕೇಳುತ್ತಿರಲಿಲ್ಲ. ಮಾತು ಒಂದು ಕಡೆ ಓಡುತ್ತದೆ, ಕಿಕ್ (ಡ್ರಮ್ಮಿನ ಗುದ್ದು) ಇನ್ನೊಂದು ಕಡೆ. ಹೊಂದಿಸೋಣ ಅಂತ ಎಳೆದರೆ ಮನುಷ್ಯನ ದನಿ ಹೋಗಿ ಡಬ್ಬಿಯ ದನಿ ಬರುತ್ತದೆ.

ಕೊನೆಗೆ ಕೈ ಹಿಡಿದದ್ದು ಇದರ ಉಲ್ಟಾ ದಾರಿ. ಬೀಟ್ ಇಲ್ಲ, ಕೀ (ಮೂಲ ಶ್ರುತಿ) ಇಲ್ಲ, ಖಾಲಿ ಪ್ರಾಜೆಕ್ಟ್. ಮಾತು ಮಾತ್ರ. ಅದರ ಲಯ ಏನು, ಶ್ರುತಿ ಏನು ಅಂತ ಕಂಡುಕೊಂಡು ಅದಕ್ಕೆ ಟ್ರ್ಯಾಕ್ ಕಟ್ಟುವುದು. ಇದಕ್ಕೆ ನನಗೆ ಸಹಾಯಕ್ಕೆ ಬಂದದ್ದು ಯಾವ ಪ್ಲಗಿನ್ನೂ ಅಲ್ಲ, ಹೈಸ್ಕೂಲಿನಲ್ಲಿ ಬೈಸಿಕೊಂಡು ಕಲಿತ ಪ್ರಸ್ತಾರ. ಲಘು ಒಂದು ಮಾತ್ರೆ, ಗುರು ಎರಡು. ಒಂದು ಮಾತ್ರೆ ಅಂದರೆ ನಮ್ಮ ಗ್ರಿಡ್‌ನಲ್ಲಿ (ಸಾಫ್ಟ್‌ವೇರ್‌ನಲ್ಲಿ ಕಾಲ ಅಳೆಯುವ ಚೌಕಳಿ) ಒಂದು ಮನೆ, ಬಾರ್‌ಗೆ (ನಾಲ್ಕು ಬೀಟ್‌ನ ಒಂದು ಆವರ್ತ) ಹದಿನಾರು ಮನೆ.

ಒಂದು ಉದಾಹರಣೆ ಬಿಡಿಸಿಯೇ ತೋರಿಸುತ್ತೇನೆ. ಮೈಕ್ ಹಿಡಿದವರು ಕೂಗುತ್ತಾರಲ್ಲ, "ಎಲ್ಲರೂ ದಯವಿಟ್ಟು ಹಿಂದೆ ಸರಿಯಿರಿ". ಎಲ್ಲರೂ ಐದು ಮಾತ್ರೆ, ದಯವಿಟ್ಟು ಐದು, ಹಿಂದೆ ಮೂರು, ಸರಿಯಿರಿ ನಾಲ್ಕು. ಒಟ್ಟು ಹದಿನೇಳು, ಒಂದು ಹೆಚ್ಚು. ಆದರೆ ಅವಸರದಲ್ಲಿ ಕೂಗುವವರು ಯಾರೂ 'ರೂ' ಅಂತ ಎಳೆಯಲ್ಲ, 'ಎಲ್ಲರು' ಅಂತಲೇ ಬಿಡುತ್ತಾರೆ. ಹದಿನಾರಾಯಿತು! ಈಗ ನಾಲ್ಕು ಮನೆಗೊಂದು ಬೀಟ್ ಎಣಿಸಿ. ಒಂದನೆಯದು 'ಎ' ಮೇಲೆ, ಎರಡನೆಯದು 'ದ' ಮೇಲೆ, ಮೂರನೆಯದು 'ಟ್ಟು' ಮೇಲೆ, ನಾಲ್ಕನೆಯದು 'ಸ' ಮೇಲೆ ಬೀಳುತ್ತದೆ. ಮೂರನೇ ಬೀಟ್ ನೋಡಿ: 'ಟ್ಟು' ಹೇಳುವ ಮುಂಚೆ ನಾಲಿಗೆ ಅಂಗುಳಕ್ಕೆ ಅಂಟಿ ಒಂದು ಕ್ಷಣ ಪೂರ್ತಿ ಮೌನ. ಆ ಮೌನದ ಬೆನ್ನಿಗೇ ಕಿಕ್ ಬಿದ್ದರೆ ಎಷ್ಟು ಗಟ್ಟಿಯಾಗಿ ಕೇಳುತ್ತದೆ ಅಂದರೆ, ಸದ್ದನ್ನು ಗಟ್ಟಿ ಮಾಡಲು ಬಳಸುವ ಕಂಪ್ರೆಸರ್ ತೆಗೆದು ಬದಿಗಿಡಬಹುದು. ಕನ್ನಡದಲ್ಲಿ ಇಂಥ ಒತ್ತಕ್ಷರ ಹೆಜ್ಜೆಗೊಂದು ಸಿಗುತ್ತವೆ. ನಾವು ಮಾತ್ರ ಹೊರಗಿನ ಸ್ಯಾಂಪಲ್ ಪ್ಯಾಕ್‌ಗೆ (ರೆಡಿಮೇಡ್ ಸದ್ದುಗಳ ಕಟ್ಟು) ದುಡ್ಡು ಸುರಿಯುತ್ತಿರುತ್ತೇವೆ.

ನಾಲ್ಕನೇ ಬೀಟ್‌ನ 'ಸ' ಇದೆಯಲ್ಲ, ಕ್ಲಿಪ್‌ನ ತುದಿಯನ್ನು ಗ್ರಿಡ್‌ಗೆ ಕೂರಿಸುವವರು ಸೋಲುವುದು ಅಲ್ಲೇ. 'ಸ್' ಎಂಬ ಸೀಟಿ ಮೊದಲು ಬರುತ್ತದೆ, 'ಅ' ಅದಾಗಿ ಸುಮಾರು ನೂರು ಮಿಲಿಸೆಕೆಂಡ್ ಬಿಟ್ಟು. ಕಿವಿ ತಾಳ ಹಾಕುವುದು 'ಅ'ಗೆ. ಹಾಗಾಗಿ ವ್ಯಂಜನವನ್ನು ಬೀಟ್‌ಗಿಂತ ಮುಂಚೆಯೇ ಚೆಲ್ಲಿಬಿಡಿ, ಸ್ವರದ ಮೊದಲ ಅಲೆ ಬೀಟ್ ಮೇಲೆ ಕೂರಲಿ. ಇದೊಂದು ಸರಿಹೋದರೆ ಅರ್ಧ ಕೆಲಸ ಮುಗಿಯಿತು.

ಶ್ರುತಿಗೂ ಇದೇ ಲಘು-ಗುರು. ಗುರುಗಳನ್ನು ಮಾತ್ರ ಒಂದೇ ಸ್ವರಕ್ಕೆ ನೇರ ಮಾಡುತ್ತೇನೆ, ಲಘುಗಳು ಹೇಗೆ ಜಾರುತ್ತವೋ ಜಾರಲಿ. ಎಲ್ಲವನ್ನೂ ನೇರ ಮಾಡಿದರೆ ಮತ್ತೆ ಡಬ್ಬಿ. ವಾಕ್ಯದ ಕೊನೆಯಲ್ಲಿ ದನಿ ಇಳಿದು ಬಂದು ನಿಲ್ಲುವ ಜಾಗವನ್ನೇ ಷಡ್ಜ ಅಂತ ಹಿಡಿದು ಬೇಸ್‌ಲೈನ್ ಬರೆಯುತ್ತೇನೆ. ಗಂಡು ದನಿ ಸಾಮಾನ್ಯವಾಗಿ 100ರಿಂದ 130 ಹರ್ಟ್ಸ್ ಆಸುಪಾಸಿನಲ್ಲಿ ಓಡಾಡುತ್ತದೆ, ವಾಕ್ಯದ ಕೊನೆಗೆ ಇನ್ನೂ ಕೆಳಗಿಳಿಯುತ್ತದೆ. ಎರಡು ಮೂರು ಸೆಮಿಟೋನ್‌ಗಿಂತ (ಅರ್ಧ ಸ್ವರ) ಆಚೆ ದನಿಯನ್ನು ಎಳೆಯಬಾರದು, ಕಾರ್ಟೂನ್ ಆಗುತ್ತದೆ. ದನಿಯ ಕೆಳಗೆ ಇನ್ನೊಂದು ತೆಳು ಪದರ ಹಾಕುತ್ತೇನೆ, "ನಿನ್ನ ವೋಕಲ್ ಯಾಕೆ ಇಷ್ಟು ಮುಂದೆ ನಿಲ್ಲುತ್ತೆ" ಅಂತ ಕೇಳುವವರಿಗೆ ಉತ್ತರ ಅಲ್ಲಿದೆ. ಅದೇನು ಅಂತ ಹೇಳಲ್ಲ. ನಾಲ್ಕು ಜನಕ್ಕೆ ಗೊತ್ತಾದರೆ ನನ್ನ ಸಂಭಾವನೆ ಇಳಿಯುತ್ತದೆ.

ಇನ್ನು ಚಿತ್ರ. ನಮ್ಮವರು ಇದರಲ್ಲೇ ಸೋತು ಬಿಟ್ಟುಬಿಡುತ್ತಾರೆ. ಸೆಕೆಂಡಿಗೆ 30 ಫ್ರೇಮ್ ವಿಡಿಯೋದಲ್ಲಿ 128 ಬಿಪಿಎಂ ಅಂದರೆ ಬೀಟ್‌ಗೆ 14.06 ಫ್ರೇಮ್. ಆ ಚೂರುಪಾರು ಕೂಡುತ್ತಾ ಹೋಗಿ ಕಟ್‌ಗಳು ಒಂದೊಂದು ಕಡೆ ಒಂದೊಂದು ಥರ ಬೀಳುತ್ತವೆ. 120 ಇಟ್ಟರೆ ಸರಿಯಾಗಿ 15 ಫ್ರೇಮ್, 100 ಇಟ್ಟರೆ 18, 90ಕ್ಕೆ 20. ಮೂಲ ವಿಡಿಯೋ 25 ಫ್ರೇಮ್‌ನದಾದರೆ 125 ಬಿಪಿಎಂ ಚಿನ್ನ, ಬೀಟ್‌ಗೆ 12. ಮಾತಿನ ಲಯ 98ರ ಹತ್ತಿರ ಇದ್ದರೆ ನಾನು 100ಕ್ಕೆ ಏರಿಸಿಬಿಡುತ್ತೇನೆ, ಯಾರಿಗೂ ಗೊತ್ತಾಗುವುದಿಲ್ಲ.

ಫೋನ್‌ನಲ್ಲಿ ತೆಗೆದ ವಿಡಿಯೋ ಕೈಗೆ ಬಂದರೆ ಮೊದಲ ಕೆಲಸ ಅದನ್ನು ಸ್ಥಿರ ಫ್ರೇಮ್ ರೇಟ್‌ಗೆ ಬದಲಿಸುವುದು. ಫೋನ್ ಬೆಳಕಿಗೆ ತಕ್ಕಂತೆ ಫ್ರೇಮ್ ಹೆಚ್ಚುಕಮ್ಮಿ ಮಾಡುತ್ತಿರುತ್ತದೆ, ಟೈಮ್‌ಲೈನ್‌ಗೆ ಹಾಕಿದರೆ ತುಟಿ ಒಂದು ಕಡೆ ಮಾತು ಒಂದು ಕಡೆ. ಸೆಕೆಂಡಿಗೆ 29.97 ಫ್ರೇಮ್ ಅನ್ನೋದನ್ನು 30 ಅಂತ ತಿಳಿದು ಆಡಿಯೋ ಕಟ್ಟಿದರೆ ಮೂರು ನಿಮಿಷದ ಕೊನೆಗೆ ಐದಾರು ಫ್ರೇಮ್ ವ್ಯತ್ಯಾಸ. ಹೀಗೆ ಜಾರಿದ ಟ್ರ್ಯಾಕ್ ಸರಿಪಡಿಸುವುದಕ್ಕೇ ಒಮ್ಮೆ ನನ್ನ ಒಂದು ವಾರ ಹೋಯಿತು. ಗಿರಾಕಿ ಕೊಟ್ಟ ಫೈಲ್‌ಗಳಲ್ಲಿ ಮೂರು ಥರದ ಫ್ರೇಮ್ ರೇಟ್ ಇತ್ತು, ಕೇಳಿದರೆ "ಎಲ್ಲಾ ಒಂದೇ ಕ್ಯಾಮೆರಾ ಸರ್" ಅಂದರು.

ಬೇಸ್ ಬಗ್ಗೆ ಒಂದು ಮಾತು. ಕ್ಲಬ್‌ನಲ್ಲಿ ಎದೆ ನಡುಗಿಸುವ 50 ಹರ್ಟ್ಸ್ ಫೋನ್ ಸ್ಪೀಕರ್‌ನಲ್ಲಿ ಬರುವುದೇ ಇಲ್ಲ, ವೈರಲ್ ಆಗುವುದೆಲ್ಲ ಫೋನ್‌ನಲ್ಲೇ. ಬೇಸ್‌ಗೆ ಸ್ವಲ್ಪ ಸ್ಯಾಚುರೇಷನ್ (ಹದವಾದ ಒಡಕು) ಕೊಟ್ಟು ಮೇಲಿನ ಹಾರ್ಮೋನಿಕ್ಸ್ (ಅದರ ಎರಡು ಪಟ್ಟು, ಮೂರು ಪಟ್ಟಿನ ಸ್ವರಗಳು) ಎಬ್ಬಿಸಿದರೆ, ಇಲ್ಲದ ಬೇಸನ್ನು ಕಿವಿಯೇ ಊಹಿಸಿಕೊಳ್ಳುತ್ತದೆ. ಲೌಡ್‌ನೆಸ್‌ಗೆ ಗುದ್ದಾಡಬೇಡಿ, ಯೂಟ್ಯೂಬ್ ಹೇಗೂ ಮೈನಸ್ 14 ಎಲ್‌ಯುಎಫ್‌ಎಸ್ (ಸದ್ದಿನ ಜೋರು ಅಳೆಯುವ ಮಾನ) ಹತ್ತಿರಕ್ಕೆ ಇಳಿಸಿಬಿಡುತ್ತದೆ.

ಈ ಪದ್ಧತಿಯಲ್ಲಿ ಮಾಡಿದ ಮೊದಲ ಒಂದೆರಡು ಬಿದ್ದುಹೋದವು. ಆಮೇಲಿನದು ಓಡಿತು, ಲಕ್ಷಗಳ ಲೆಕ್ಕದಲ್ಲಿ. ಕೈಗೆ ಬಂದದ್ದು ಸೊನ್ನೆ. ಮಾತಾಡಿದವರ ಹಿಂದೆ ಎಲ್ಲೋ ಒಂದು ಟಿವಿಯಲ್ಲಿ ಹಾಡು ಓಡುತ್ತಿತ್ತು, ಯೂಟ್ಯೂಬ್‌ನಲ್ಲಿ ಹಕ್ಕುಳ್ಳ ಹಾಡುಗಳನ್ನು ಪತ್ತೆ ಮಾಡುವ ಕಂಟೆಂಟ್ ಐಡಿ ಅದನ್ನು ಹಿಡಿಯಿತು, ಜಾಹೀರಾತಿನ ದುಡ್ಡೆಲ್ಲ ಆ ಹಾಡಿನವರಿಗೆ. ಹತ್ತು ಸೆಕೆಂಡಿನ ಗುಜುಗುಜು ಸದ್ದು! ತಕರಾರು ಹಾಕಿದೆ, ನಡೆಯಲಿಲ್ಲ. ಇನ್ನೊಂದನ್ನು ಒಂದು ದೊಡ್ಡ ಪೇಜ್‌ನವರು ನನ್ನ ಹೆಸರು ಕ್ರಾಪ್ ಮಾಡಿ ಹಾಕಿಕೊಂಡರು, ನನ್ನದಕ್ಕಿಂತ ಅವರದೇ ಹೆಚ್ಚು ಓಡಿತು. ಅಲ್ಲಿಂದ ಹೆಸರನ್ನು ಮೂಲೆಯಲ್ಲಿ ಇಡುವುದು ಬಿಟ್ಟೆ. ಎಲ್ಲಿಡುತ್ತೇನೆ ಅಂತ ಗೊತ್ತಾಗಬೇಕಾದರೆ ನನ್ನ ವಿಡಿಯೋ ಕ್ರಾಪ್ ಮಾಡಿ ನೋಡಿ.

ದುಡ್ಡು ಬಂದ ದಾರಿ ಬೇರೆ. ವೀಕ್ಷಣೆಯನ್ನು ವಿಸಿಟಿಂಗ್ ಕಾರ್ಡ್ ಅಂದುಕೊಂಡೆ. ಒಂದು ಸಂಸ್ಥೆಯವರು ತಮ್ಮದೇ ಹಳೆಯ ವಿಡಿಯೋಗಳನ್ನು ಕೊಟ್ಟು, ಇವುಗಳಿಂದ ಒಂದು ನಿಮಿಷದ್ದು ಮಾಡಿಕೊಡಿ ಅಂದರು. ಹಕ್ಕು ಅವರದು, ಕ್ಲೇಮ್ ತಲೆನೋವಿಲ್ಲ, ಸಂಭಾವನೆ ಆರು ರಾತ್ರಿಯಷ್ಟು. ಆಮೇಲೆ ಅಂಥ ಕೆಲಸಗಳು ಒಂದರ ಹಿಂದೆ ಒಂದು ಬಂದವು. ನನ್ನ ಷರತ್ತು: ಅರ್ಧ ಮುಂಗಡ, ಎರಡು ತಿದ್ದುಪಡಿ, ಮೂರನೆಯದಕ್ಕೆ ಬೇರೆ ದರ. "ಇದನ್ನು ವೈರಲ್ ಮಾಡಿಕೊಡ್ತೀರಾ" ಅಂತ ಕೇಳುವವರಿಗೆ ಇಲ್ಲ ಅಂತಲೇ ಹೇಳುತ್ತೇನೆ. ಹೌದು ಅನ್ನುವವರು ಬೇಕಾದಷ್ಟಿದ್ದಾರೆ, ಅವರ ಹತ್ತಿರ ಹೋಗಿ ಬಂದ ಮೇಲೆ ನನ್ನ ಹತ್ತಿರವೇ ಬರುತ್ತಾರೆ. ಸಾಮಾನ್ಯ ಜನರ ಮಾತು ಬಳಸುವುದಾದರೆ ಅವರನ್ನು ಕೇಳಿಯೇ ಮಾಡುತ್ತೇನೆ, ಬಂದದ್ದರಲ್ಲಿ ಪಾಲು ಕೊಡುತ್ತೇನೆ. ಗ್ರೆಗರಿ ಬ್ರದರ್ಸ್ ಕೂಡ 2010ರ ಆ ಹಾಡಿನ ಮಾರಾಟದ ಹಣವನ್ನು ಮಾತಾಡಿದವನ ಜೊತೆ ಹಂಚಿಕೊಂಡಿದ್ದರು. ಸಿಟ್ಟಲ್ಲಿ, ಸಂಕಟದಲ್ಲಿ ಇರುವವರ ಮಾತು ಎಷ್ಟು ಲಯಬದ್ಧವಾಗಿದ್ದರೂ ಮುಟ್ಟುವುದಿಲ್ಲ.

ವೇದಿಕೆಯಲ್ಲಿ ಇದನ್ನು ಆಡುವುದು ಇನ್ನೊಂದು ಕಥೆ. 2004ರಲ್ಲಿ ಪಯೋನಿಯರ್ ಕಂಪನಿಯ ಡಿವಿಜೆ-ಎಕ್ಸ್1 ಪ್ಲೇಯರ್ ಬಂದು ಡಿವಿಡಿಯನ್ನೇ ಸ್ಕ್ರ್ಯಾಚ್ ಮಾಡುವಂತಾಯಿತು, ಈಗ ಲ್ಯಾಪ್‌ಟಾಪ್ ಸಾಕು. ಆದರೆ ಎಚ್.264 ಎಂಬ ಮಾಮೂಲಿ ವಿಡಿಯೋ ರೂಪದ ಫೈಲ್ ಹಾಕಿ ಹಿಂದಕ್ಕೆ ತಿರುಗಿಸಿ ನೋಡಿ, ಚಿತ್ರ ತಡವರಿಸುತ್ತದೆ. ಅದರಲ್ಲಿ ಹೆಚ್ಚಿನ ಫ್ರೇಮ್‌ಗಳು ಅಕ್ಕಪಕ್ಕದ ಫ್ರೇಮ್ ನಂಬಿಕೊಂಡೇ ಬದುಕುವವು. ಪ್ರತಿ ಫ್ರೇಮ್ ಸ್ವತಂತ್ರವಾಗಿರುವ ಕೋಡೆಕ್‌ಗೆ (ವಿಡಿಯೋ ಅಡಕ ಮಾಡುವ ವಿಧಾನ) ಬದಲಿಸಿದೆ. ಫೈಲ್ ಗಾತ್ರ ಹತ್ತು ಪಟ್ಟು ಆಯಿತು, ಕೈ ಮಾತ್ರ ಹಗುರಾಯಿತು.

ಎಲ್‌ಇಡಿ ಗೋಡೆಯದು ಬೇರೆ ಕಾಟ. ಅದರ ಪ್ರೊಸೆಸರ್ ಎರಡರಿಂದ ನಾಲ್ಕು ಫ್ರೇಮ್ ತಡ ಮಾಡುತ್ತದೆ, ಒಂದೊಂದು ಜಾಗದಲ್ಲಿ ಒಂದೊಂದು ಥರ. ಸೌಂಡ್ ಚೆಕ್‌ನಲ್ಲಿ ಮಿಂಚು-ಬೀಪ್ ಫೈಲ್ ಹಾಕಿ ಫೋನ್‌ನಲ್ಲಿ ಸೆಕೆಂಡಿಗೆ 240 ಫ್ರೇಮ್‌ನಲ್ಲಿ ಚಿತ್ರೀಕರಿಸಿ ಎಣಿಸುತ್ತೇನೆ, ತಡ ಎಷ್ಟು ಬಂತೋ ಅಷ್ಟು ವಿಡಿಯೋವನ್ನು ಮುಂದೆ ಮಾಡುತ್ತೇನೆ. ಸದ್ದು ಮೂವತ್ತು ಮೀಟರ್ ಹೋಗಲು ಸುಮಾರು 90 ಮಿಲಿಸೆಕೆಂಡ್ ಬೇಕು, ಹಿಂದೆ ನಿಂತವರಿಗೆ ಚಿತ್ರವೇ ಮೊದಲು. ಹಾಗಾಗಿ ಅಳೆಯುವುದು ಜನರ ಮಧ್ಯ ಬರುವ ಜಾಗದಲ್ಲಿ ನಿಂತು. ತಡವಾಗಿ ಬರುವ ಸದ್ದನ್ನು ಜನ ಸಹಿಸುತ್ತಾರೆ, ಚಿತ್ರಕ್ಕಿಂತ ಮುಂಚೆ ಬಂದರೆ ತಕ್ಷಣ ಕಸಿವಿಸಿಯಾಗುತ್ತದೆ.

ಮಧ್ಯೆ ಮಾತೇ ಇಲ್ಲದ ಪ್ರಯೋಗವೂ ನಡೆಯಿತು. ಹಳೆಯ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಒಂದಕ್ಕೆ ಬೇರೆ ಬೇರೆ ಅಕ್ಷರಗಳ ಸಾಲು ಕಳಿಸಿದರೆ ಬೇರೆ ಬೇರೆ ಸದ್ದು. ಒಂದು ಪುಟ ಪೂರ್ತಿ ಅಂಥ ಸಾಲುಗಳನ್ನು ಬರೆದು ಹೈಹ್ಯಾಟ್ (ಡ್ರಮ್ ಸೆಟ್‌ನ ಜೋಡಿ ತಾಳ) ಪ್ಯಾಟರ್ನ್ ಮಾಡಿದೆ. ಯಾರೂ ನೋಡಲಿಲ್ಲ, ಬೇಜಾರಿಲ್ಲ, ಆ ಸದ್ದು ಈಗ ನನ್ನ ಅರ್ಧ ಟ್ರ್ಯಾಕ್‌ಗಳಲ್ಲಿದೆ.

ಸದ್ಯಕ್ಕೆ ಹಿಡಿದಿರುವುದು ಮೂರು-ನಾಲ್ಕು, ಮೂರು-ನಾಲ್ಕು ಮಾತ್ರೆಯಲ್ಲಿ ಬೀಳುವ ಮಾತುಗಳನ್ನು. ಕನ್ನಡದಲ್ಲಿ ಅಂಥವು ಬೇಕಾದಷ್ಟಿವೆ, 'ಹಿಂದೆ ಸರಿಯಿರಿ' ಕೂಡ ಅದೇ. ಏಳರ ಬಾರ್ ಮಾಡಿದರೆ ಮಾತು ಅದ್ಭುತವಾಗಿ ಕೂರುತ್ತದೆ, ಕುಣಿಯುವವರು ಮಾತ್ರ ಎರಡನೇ ಬಾರ್‌ನಲ್ಲೇ ನಿಂತುಬಿಡುತ್ತಾರೆ. ಕಿಕ್ಕನ್ನು ನಾಲ್ಕರಲ್ಲೇ ಓಡಿಸಿ ಮಾತನ್ನು ಏಳರಲ್ಲಿ ಬಿಟ್ಟರೆ ಮಾತಿನ ನಾಲ್ಕು ಸುತ್ತಿಗೆ ಕಿಕ್‌ನ ಏಳು ಬೀಟ್ ಆಗಿ ಎರಡೂ ಕೂಡುತ್ತವೆ, ನೆಗೆಯುವುದು ಬಿಟ್ಟು ನೋಡುತ್ತಾ ನಿಂತವರೂ ಅಲ್ಲಿ ಕೈ ಎತ್ತುತ್ತಾರೆ. ಚಿತ್ರದ ಕಟ್‌ಗಳ ಫ್ರೇಮ್ ಲೆಕ್ಕ ಇನ್ನೂ ಪೂರ್ತಿ ಹೊಂದಿಲ್ಲ. 18ರ ಬದಲು 20 ಫ್ರೇಮ್‌ನ ಬೀಟ್‌ನಲ್ಲಿ ಈಗ ಇನ್ನೊಮ್ಮೆ ಕಟ್ಟುತ್ತಿದ್ದೇನೆ.